ಎರಡು ಸಲ ತೀರಿಕೊಂಡ ಡಾಕ್ಟ್ರು

ನಮ್ಮ ಡಾಕ್ಟ್ರು ಎರಡನೇ ಸಲ ತೀರಿಕೊಂಡದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಜನವರಿಯಲ್ಲಿ, ಚಿಕ್ಕಮಗಳೂರಿನ ಮಗಳ ಮನೆಯಲ್ಲಿ, ಬೆಳಗಿನ ತಿಂಡಿ ಮುಗಿಸಿ. ತಿಂಡಿ ಮುಗಿಸಿದ್ದರು ಎಂಬುದನ್ನು ಮಗಳು ಫೋನಿನಲ್ಲಿ ಎರಡು ಸಲ ಹೇಳಿದಳು. ಮೊದಲನೇ ಸಲ ಅವರು ತೀರಿಕೊಂಡದ್ದು ಅದಕ್ಕೆ ಹತ್ತು ವರ್ಷ ಹಿಂದೆ, ಬಣಕಲ್ ಹತ್ತಿರದ ಒಂದು ಕಾಫಿ ಕಣದಲ್ಲಿ, ನಲವತ್ತು ಜನರ ಎದುರಿಗೆ. ಆಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಗಾಬರಿಯಾಗಬೇಡಿ, ಹೇಳುತ್ತೇನೆ.

ನಾನು ಅವರ ಆಸ್ಪತ್ರೆಯಲ್ಲಿ ನರ್ಸು. ಕಳಸದ ಕಡೆಯವಳು, ಬಾಯಿ ಸ್ವಲ್ಪ ಜೋರು. ಬಣಕಲ್ಲಿನಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಪಕ್ಕ ಸುತ್ತಲಿನ ಎಂಟು ಹತ್ತು ಎಸ್ಟೇಟಿನವರು ಸೇರಿ ಕಟ್ಟಿಸಿದ ಆರು ಹಾಸಿಗೆಯ ಆಸ್ಪತ್ರೆ ಅದು. ಡಾಕ್ಟ್ರು ಒಬ್ಬರು, ನರ್ಸು ಒಬ್ಬಳು, ಲಸಿಕೆ ಇಡಲು ಸೀಮೆಎಣ್ಣೆಯಲ್ಲಿ ನಡೆಯುವ ಒಂದು ಫ್ರಿಜ್ಜು. ರೋಗಿಗಳನ್ನು ತರಲು ಹಸನ್ ಸಾಬ್ರ ಜೀಪು. ಹಸನ್ ಸಾಬ್ರಿಗೆ ಬಣಕಲ್ಲಿನಲ್ಲಿ ಗ್ಯಾರೇಜು ಇತ್ತು. ಜೀಪು, ಕಾಫಿ ಹಣ್ಣು ಸುಲಿಯುವ ಪಲ್ಪರು, ಪಂಪ್‌ಸೆಟ್ಟು ಏನು ಕೆಟ್ಟರೂ ಅವರೇ. ಆಸ್ಪತ್ರೆಯನ್ನೂ ಅವರು ಇನ್ನೊಂದು ಗ್ಯಾರೇಜು ಎಂದೇ ತಿಳಿದಿದ್ದರು.

ಡಾಕ್ಟ್ರು ಉದ್ದಕ್ಕೆ, ತೆಳ್ಳಗೆ, ಸಿಲ್ವರ್ ಓಕ್ ಮರದ ಹಾಗಿದ್ದರು. ದಪ್ಪ ಗಾಜಿನ ಕನ್ನಡಕ. ಕೈ ಸದಾ ತಣ್ಣಗೆ. ಚಳಿಗಾಲದಲ್ಲಿ ಹೊಟ್ಟೆ ಮುಟ್ಟಿ ನೋಡಿದರೆ ರೋಗಿಗಳು ಅರ್ಧ ಅಡಿ ಮೇಲೆ ಹಾರುತ್ತಿದ್ದರು. ಹಾರಿದವರ ನಾಡಿ ಹಿಡಿದು ಅವರು ಖುಷಿಯಿಂದ ಎಣಿಸುತ್ತಿದ್ದರು. ಬೇರೆಯವರು ಹಕ್ಕಿ ನೋಡಲು ಕಾಡಿಗೆ ಹೋಗುತ್ತಾರಲ್ಲ, ಇವರು ಹೆದರಿಕೆಯನ್ನು ಹಾಗೆ ನೋಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೂರನೇ ದಿನ, ಬೆನ್ನ ಹಿಂದೆ ಬಂದು ಗಾಳಿ ತುಂಬಿದ ಕಾಗದದ ಚೀಲವನ್ನು ಫಟ್ಟೆಂದು ಒಡೆದರು. ನಾನು ಕೈಯಲ್ಲಿದ್ದ ತಟ್ಟೆಯನ್ನು ಬೀಸಿ ಒಗೆದೆ. ಅದು ಅವರ ಕಿವಿಯ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಅವರು ಅದನ್ನು ಲೆಕ್ಕಿಸದೆ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತರು.

"ಬಹಳ ಚೆನ್ನಾಗಿದೆ ಸಿಸ್ಟರ್! ನಿಮ್ಮ ಟೊಪ್ಪಿ ಒಳ್ಳೇ ಕೆಲಸ ಮಾಡ್ತಿದೆ."

ಟೊಪ್ಪಿಯ ವಿಷಯ ಹೇಳಬೇಕು. ಮನುಷ್ಯನ ಎರಡೂ ಮೂತ್ರಪಿಂಡಗಳ ಮೇಲೆ ಒಂದೊಂದು ಪುಟ್ಟ ಗ್ರಂಥಿ ಟೊಪ್ಪಿಯ ಹಾಗೆ ಕೂತಿರುತ್ತದೆ. ಹೆದರಿಕೆಯಾದರೆ, ಪೆಟ್ಟಾದರೆ, ದೇಹಕ್ಕೆ ಆಪತ್ತು ಬಂದರೆ ಅದು ರಸ ಸುರಿಸುತ್ತದೆ. ಅಡ್ರಿನಲಿನ್ ಥಟ್ಟನೆ ಬರುವುದು. ಕಾರ್ಟಿಸೋಲ್ ನಿಧಾನವಾಗಿ ಬಂದು ಹೆಚ್ಚು ಹೊತ್ತು ನಿಲ್ಲುವುದು. ಇಷ್ಟು ನಮ್ಮ ನರ್ಸಿಂಗ್ ಪಾಠದಲ್ಲೂ ಇತ್ತು. ಪಾಠದಲ್ಲಿ ಇಲ್ಲದಿದ್ದದ್ದು ಡಾಕ್ಟ್ರ ಗುಮಾನಿ. ನಿಂತ ಹೃದಯವನ್ನು ಎದೆ ಒತ್ತಿ, ಅಡ್ರಿನಲಿನ್ ಚುಚ್ಚಿ ಮತ್ತೆ ಹೊರಡಿಸಬಹುದು. ಆದರೆ ಹೊರಟದ್ದು ಮುಂದೆ ಓಡಬೇಕಾದರೆ ದೇಹ ತಾನೇ ಕಾರ್ಟಿಸೋಲನ್ನು ಬೇಕಾದಷ್ಟು ಸುರಿಸಬೇಕು, ಟೊಪ್ಪಿ ಕೈಕೊಟ್ಟರೆ ಎದ್ದವನೂ ಮತ್ತೆ ಮಲಗುತ್ತಾನೆ ಎಂದು ಅವರು ಹೇಳುತ್ತಿದ್ದರು.

"ಹೆದರೋಕೂ ತಾಕತ್ತು ಬೇಕು ಸಿಸ್ಟರ್. ದೇಹ ಚೆನ್ನಾಗಿ ಹೆದರಿದ್ರೆ ಮಾತ್ರ ವಾಪಸ್ ಬರುತ್ತೆ."

ಇದು ಹೌದೋ ಅಲ್ಲವೋ ತಿಳಿಯಬೇಕಾದರೆ, ಹಾಗೆ ಎದ್ದ ಒಬ್ಬನ ರಕ್ತ ತೆಗೆದು ಅಳೆಸಬೇಕಿತ್ತು. ಅಳೆಯುವ ಲ್ಯಾಬು ಮಂಗಳೂರಿನಲ್ಲಿತ್ತು. ಎದ್ದವನು ಮಾತ್ರ ಎಲ್ಲೂ ಇರಲಿಲ್ಲ. ನಾನು ಬಂದ ಮೇಲೆ ಆರು ಜನರ ಎದೆ ಒತ್ತಿದ್ದೆವು, ಆರು ಜನವೂ ಹೋದರು. ತೋಟದಲ್ಲಿ ಬಿದ್ದವರನ್ನು ನೀರು ಚಿಮುಕಿಸಿ, ಅಂಗಾಲು ತಿಕ್ಕಿ, ಕಬ್ಬಿಣ ಹಿಡಿಸಿ, ಕೊನೆಗೆ ಹಸನ್ ಸಾಬ್ರಿಗೆ ಹೇಳಿಕಳಿಸಿ ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಪ್ರತಿ ಸಲವೂ ಡಾಕ್ಟ್ರು ಕೈ ತೊಳೆದು ಬಂದು ಮೆಟ್ಟಿಲ ಮೇಲೆ ಕೂತು ಸಕ್ಕರೆಯಿಲ್ಲದ ಕರಿಕಾಫಿ ಕುಡಿಯುತ್ತಿದ್ದರು. "ಒಬ್ಬರು ಸಾಕು. ಒಬ್ಬರು ಎದ್ದು ಕೂತು, ಕಾಫಿ ತಣ್ಣಗಿದೆ ಅಂತ ಬೈದ್ರೆ ಸಾಕು ನಂಗೆ" ಎನ್ನುತ್ತಿದ್ದರು. ಬೇರೆ ಸಮಯದಲ್ಲಿ ನಾನು ಅವರ ಯಾವ ಮಾತಿಗಾದರೂ ಎದುರು ಹೇಳುತ್ತಿದ್ದೆ. ಆಗ ಮಾತ್ರ ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದೆ.

ತಾನು ಯಾವುದಕ್ಕೂ ಹೆದರುವವನಲ್ಲ ಎಂದು ಡಾಕ್ಟ್ರು ಹೇಳಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಅವರಿಗೆ ಚಾರ್ಮಾಡಿ ಘಾಟಿಯ ಭಯ. ಆ ತಿರುವುಗಳಲ್ಲಿ ಬಸ್ಸು ಹೊರಳುವಾಗ ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡವರು ಉಜಿರೆ ಬರುವವರೆಗೆ ಬಿಡುತ್ತಿರಲಿಲ್ಲವಂತೆ. ಆದ್ದರಿಂದ ಮಂಗಳೂರಿಗೆ ಕಳಿಸಬೇಕಾದ ರಕ್ತ, ಕಫ, ಉಚ್ಚೆ ಎಲ್ಲವನ್ನೂ ಐಸು ತುಂಬಿದ ಕೆಂಪು ಫ್ಲಾಸ್ಕಿನಲ್ಲಿಟ್ಟು ಬೆಳಗಿನ ಬಸ್ಸಿನ ಕಂಡಕ್ಟರ್ ವಾಮನನ ಕೈಯಲ್ಲಿ ಕೊಡುತ್ತಿದ್ದೆವು. ಈ ಫ್ಲಾಸ್ಕು ನೆನಪಿರಲಿ.

ಇನ್ನು ಕೊಡೆಯ ಕಥೆ.

ನಮ್ಮ ಆಸ್ಪತ್ರೆ ಕಟ್ಟಿಸಲು ಮುಂದೆ ನಿಂತವರು ಮೇಲಿನಕಾನು ಎಸ್ಟೇಟಿನ ಗೌಡ್ರು. ಡಾಕ್ಟ್ರನ್ನು ಈ ಊರಿಗೆ ಕರೆದುಕೊಂಡು ಬಂದವರೂ ಅವರೇ. ಭಾನುವಾರ ಇಬ್ಬರೂ ಚದುರಂಗ ಆಡುತ್ತಿದ್ದರು, ಇಬ್ಬರೂ ಮೋಸ ಮಾಡುತ್ತಿದ್ದರು. ಗೌಡ್ರು ಒಳ್ಳೆಯವರೇ, ಆದರೆ ಎದುರಿಗೆ ನಿಂತರೆ ಆಳುಗಳ ನಾಲಿಗೆ ಒಣಗುತ್ತಿತ್ತು. ಹಾಜರಿ ಬರೆಯುವ ರೈಟರ್ ಶೇಷಪ್ಪನವರು ಇಪ್ಪತ್ತು ವರ್ಷ ಅವರ ಕೈಕೆಳಗಿದ್ದರೂ ಅವರೆದುರು ಒಮ್ಮೆಯೂ ಕೂತವರಲ್ಲ. ಶೇಷಪ್ಪನವರ ಮೊಣಕೈಗೆ ವರ್ಷವಿಡೀ ಒಂದು ಕೊಡೆ ತೂಗುತ್ತಿತ್ತು. ಮಳೆಗಾಲದಲ್ಲಿ ಮಳೆಗೆ, ಬೇಸಿಗೆಯಲ್ಲಿ ಗೌಡ್ರಿಗೆ.

ಒಂದು ಜನವರಿ, ಕಣದ ತುಂಬ ಸಿಪ್ಪೆ ಸುಲಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಹಾಕಿದ್ದಾಗ, ಗೌಡ್ರು ಕಣದ ನಡುವೆಯೇ ಕುಸಿದರು. ಮಧ್ಯಾಹ್ನದ ಬಿಸಿಲು. ಜನ ಓಡಿಬಂದು ಸುತ್ತ ನಿಂತರು. ಒಬ್ಬ ಆಸ್ಪತ್ರೆಗೆ ಓಡಿದ. ನಾವು ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಸುತ್ತ ಮೂವತ್ತು ಜನ ಮೂರು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ನಡುವೆ ಗೌಡ್ರು ಬಿದ್ದ ಹಾಗೆಯೇ ಬಿದ್ದಿದ್ದರು. ಪಕ್ಕದಲ್ಲಿ ಶೇಷಪ್ಪನವರು ಬಗ್ಗಿ ನಿಂತು, ಧಣಿಗಳ ಮುಖಕ್ಕೆ ಬಿಸಿಲು ತಾಗದಂತೆ ಕೊಡೆ ಹಿಡಿದಿದ್ದರು.

ಡಾಕ್ಟ್ರು ಮೊಣಕಾಲೂರಿ ಅರ್ಧ ಗಂಟೆ ಒತ್ತಿದರು. ನಾನು ಅಡ್ರಿನಲಿನ್ ಚುಚ್ಚಿದೆ. ಏನೂ ಆಗಲಿಲ್ಲ. ಡಾಕ್ಟ್ರು ಎದ್ದು ನಿಂತು ಬೆವರು ಒರೆಸಿಕೊಂಡು ಕೇಳಿದರು:

"ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಶೇಷಪ್ಪ?"

"ಕೊಡೆ ಹಿಡ್ಕಂಡಿದ್ದೆ ಡಾಕ್ಟ್ರೇ."

"ಮುಟ್ಲಿಲ್ವಾ?"

"ಗೌಡ್ರನ್ನ ಹೆಂಗೆ ಮುಟ್ಟೋದು? ಕರೆದೆ. ಮೂರ್ ಸಲ ಕರೆದೆ. ಅವ್ರು ಹ್ಞೂಂ ಅನ್ಲಿಲ್ಲ."

ಶೇಷಪ್ಪನವರು ಸುಳ್ಳು ಹೇಳುವವರಲ್ಲ. ಅವರ ತೋಳು ನಡುಗುತ್ತಿತ್ತು, ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಹಿಡಿದಿದ್ದರು. ಡಾಕ್ಟ್ರು ಬಗ್ಗಿ ಗೌಡ್ರ ಅಂಗಿಯ ಗುಂಡಿ ಹಾಕಿದರು. ವಾಪಸ್ಸು ಬರುವಾಗ ಜೀಪಿನಲ್ಲಿ ಒಂದೇ ಮಾತು ಹೇಳಿದರು: "ಮರ್ಯಾದೆ ಮಾಡಿ ಕೊಂದ್ರು ಸಿಸ್ಟರ್, ನನ್ನ ಗೆಳೆಯನ್ನ." ಆವತ್ತು ಅವರು ಅತ್ತದ್ದನ್ನು ನಾನೂ ನೋಡಿದೆ, ಹಸನ್ ಸಾಬ್ರೂ ನೋಡಿದರು. ಇಬ್ಬರೂ ರಸ್ತೆ ನೋಡುತ್ತ ಕೂತೆವು.

ಕ್ಲಾಸು ಶುರುವಾದದ್ದು ಅದರ ನಂತರ. ಗೌಡ್ರ ಮಗನನ್ನು ಒಪ್ಪಿಸಿ, ಅದೇ ಕಣದಲ್ಲಿ, ಭಾನುವಾರ ಬೆಳಿಗ್ಗೆ. ರೈಟರುಗಳು, ಮೇಸ್ತ್ರಿಗಳು, ಹಣ್ಣು ಕೊಯ್ಯುವ ಹೆಂಗಸರು, ಡ್ರೈವರುಗಳು, ಯಾರು ಬಂದರೂ ಸರಿ. ಗೊಂಬೆಗೆ ಎಲ್ಲಿ ಹೋಗುವುದು? ಮುಕ್ಕಾಲು ತುಂಬಿದ ಪಾರ್ಚ್‌ಮೆಂಟ್ ಮೂಟೆಯನ್ನೇ ಮಲಗಿಸಿ ಒತ್ತಿಸಿದರು. ಒಂದು ವಾರ ಎಲ್ಲರೂ ಧೈರ್ಯವಾಗಿ ಒತ್ತಿದರು. ಡಾಕ್ಟ್ರಿಗೆ ಸಮಾಧಾನವಾಗಲಿಲ್ಲ. "ಮೂಟೆ ಒತ್ತೋದಕ್ಕೆ ಇವ್ರಿಗೆ ಪಾಠ ಬೇಕಾ? ಧಣಿಯನ್ನ ಒತ್ತೋದು ಕಲೀಬೇಕು" ಎಂದು ಮರುವಾರ ಒಂದು ಹಳೆಯ ಕೋಟು, ಒಂದು ಪ್ಲಾಂಟರ್ ಹ್ಯಾಟು ತಂದು ಮೂಟೆಗೆ ತೊಡಿಸಿದರು.

ಅಷ್ಟೇ ಸಾಕಾಯಿತು. ಮೊದಲು ಬಂದ ಮೇಸ್ತ್ರಿ ಚಪ್ಪಲಿ ಬಿಟ್ಟು ಬಂದ. ಮೂಟೆಗೆ ಕೈಮುಗಿದ. ಆಮೇಲೆ ಹ್ಯಾಟಿನ ಕಡೆ ಬಗ್ಗಿ, "ಒತ್ಲಾ ಅಯ್ಯಾ?" ಎಂದ. ಕೇಳಿದ್ದು ಡಾಕ್ಟ್ರನ್ನಲ್ಲ, ಮೂಟೆಯನ್ನು.

"ಕೈ ಮುಗೀಬೇಕಾದ್ರೆ ಒಂದೇ ಸಲ ಮುಗಿ ಮಾರಾಯ, ಬೇಗ ಮುಗಿ. ಅಪ್ಪಣೆ ಮಾತ್ರ ಕೇಳ್ಬೇಡ. ಅವ್ರಿಗೆ ಮಾತಾಡೋಕೆ ಆಗಿದ್ರೆ ನೀನ್ಯಾಕೆ ಒತ್ಬೇಕು?"

ಮೂಗಿನ ಹತ್ತಿರ ನಿನ್ನ ಕೆನ್ನೆ ಹಿಡಿದು ಉಸಿರು ನೋಡು, ಕುತ್ತಿಗೆಯಲ್ಲಿ ನಾಡಿ ನೋಡು, ಎರಡೂ ಇಲ್ಲದಿದ್ದರೆ ಮಾತ್ರ ಒತ್ತು ಎಂದು ಪಾಠ. ಎಲ್ಲರಿಗಿಂತ ಚೆನ್ನಾಗಿ ಒತ್ತಿದವರು ಹೆಂಗಸರು. ಒನಕೆ ಹಿಡಿದ ಕೈಗಳು, ಲಯ ತಪ್ಪುತ್ತಿರಲಿಲ್ಲ. ಹಸನ್ ಸಾಬ್ರು ಎಲ್ಲವನ್ನೂ ಎಂಜಿನ್ನಿನ ಭಾಷೆಗೆ ಇಳಿಸಿ ಜನಕ್ಕೆ ಹೇಳುತ್ತಿದ್ದರು: "ಬ್ಯಾಟ್ರಿ ಡೌನಾದ ಜೀಪು ತಳ್ಳಲ್ವಾ, ಇದೂ ಹಂಗೇ. ತಳ್ತಾ ಇರ್ಬೇಕು, ನಿಲ್ಲಿಸ್ಬಾರ್ದು." ಶೇಷಪ್ಪನವರು ಮಾತ್ರ ಪ್ರತಿ ವಾರವೂ ಬಂದು, ಕೊಡೆ ಮೊಣಕೈಗೆ ಸಿಕ್ಕಿಸಿಕೊಂಡು, ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಿದ್ದರು. ಮೂಟೆಯ ಹತ್ತಿರ ಬರುತ್ತಿರಲಿಲ್ಲ. ಡಾಕ್ಟ್ರೂ ಕರೆಯುತ್ತಿರಲಿಲ್ಲ.

ಪಾಠದ ಹುಮ್ಮಸ್ಸು ಕೆಲವರಿಗೆ ಜಾಸ್ತಿಯೇ ಆಯಿತು. ಬಣಕಲ್ ಸಂತೆಯ ದಿನ ಸಾರಾಯಿ ಕುಡಿದು ಮರದಡಿಯಲ್ಲಿ ಮಲಗಿದ್ದವನೊಬ್ಬನ ಎದೆಯ ಮೇಲೆ ನಮ್ಮ ಇಬ್ಬರು ಶಿಷ್ಯರು ಕೂತು ಒತ್ತಿಬಿಟ್ಟರು. ಅವನು ಎದ್ದು ಇಬ್ಬರಿಗೂ ಬಾರಿಸಿ ಮೂಡಿಗೆರೆ ಕಡೆ ಓಡಿದ. ಕುತ್ತಿಗೆಯ ನಾಡಿ ನೋಡುವುದು ಇಬ್ಬರಿಗೂ ಮರೆತೇಹೋಗಿತ್ತು. ಡಾಕ್ಟ್ರು ಮಾತ್ರ, "ಎದ್ದನಲ್ಲ! ಅದೂ ಓಡಿದನಲ್ಲ! ರಕ್ತ ತೆಗೀಬೇಕಿತ್ತು" ಎಂದು ನಕ್ಕರು.

ದೊಡ್ಡ ಪ್ಲಾಂಟರುಗಳು ನಗಲಿಲ್ಲ. ಇಬ್ಬರು ಆಸ್ಪತ್ರೆಗೇ ಬಂದರು. "ಏನ್ ಡಾಕ್ಟ್ರೇ, ಆಳುಗಳಿಗೆ ನಮ್ಮ ಎದೆ ಮೇಲೆ ಕೈ ಹಾಕೋಕೆ ಹೇಳ್ಕೊಡ್ತಿದೀರಂತೆ?"

"ಹೌದು. ಬೇಡ ಅನ್ನೋರು ಬರೆದುಕೊಡಿ. ನಿಮಗೆ ಕೊಡೆ ಹಿಡೀತಾರೆ."

ಮುಂದಿನ ಭಾನುವಾರ ಆ ಇಬ್ಬರ ರೈಟರುಗಳೂ ಕ್ಲಾಸಿನ ಮುಂದಿನ ಸಾಲಿನಲ್ಲಿದ್ದರು. ಧಣಿಗಳೇ ಕಳಿಸಿದ್ದಂತೆ.

ಡಾಕ್ಟ್ರಿಗೆ ಇನ್ನೊಂದು ಚಾಳಿ ಹತ್ತಿತು. ಪಾಠದ ನಡುವೆ, ಮಾತು ಅರ್ಧಕ್ಕೆ ನಿಲ್ಲಿಸಿ, ದೊಪ್ಪೆಂದು ಬಿದ್ದು ಸತ್ತವರಂತೆ ಮಲಗುವುದು. ಯಾರು ಮೊದಲು ಬರುತ್ತಾರೆ, ಬಂದವರು ನಾಡಿ ನೋಡುತ್ತಾರಾ ಎಂದು ಪರೀಕ್ಷೆ. ಮೊದಲ ಸಲ ಹೆಂಗಸರು ಕಿರುಚಿಕೊಂಡರು. ನಾಲ್ಕನೇ ಸಲದ ಹೊತ್ತಿಗೆ ಜನ ನಗಲು ಶುರುಮಾಡಿದರು. ಆಮೇಲಾಮೇಲೆ ಎಷ್ಟು ಚೆನ್ನಾಗಿ ಬಿದ್ದರು ಎಂದು ಚಪ್ಪಾಳೆ ತಟ್ಟುವುದೂ ರೂಢಿಯಾಯಿತು. ಬೇಡ ಎಂದು ನಾನು ಬೈದಿದ್ದೆ. "ಹುಲಿ ಬಂತು ಹುಲಿ ಅಂತ ಕೂಗಿದವನ ಕಥೆ ಗೊತ್ತಲ್ಲ ನಿಮ್ಗೆ?" ಎಂದಿದ್ದೆ. ಅವರು ಕೇಳುವ ಜಾತಿಯಲ್ಲ. ಕೇಳದಿದ್ದುದರ ಜೊತೆಗೆ ಇನ್ನೊಂದು ಅಪ್ಪಣೆ ಕೊಟ್ಟರು: "ನನಗೆ ನಿಜವಾಗ್ಲೂ ಹಂಗಾದ್ರೆ, ಒತ್ತಿ. ಎದ್ರೆ, ತಕ್ಷಣ ರಕ್ತ ತೆಗೆದು ಕಾರ್ಟಿಸೋಲಿಗೆ ಕಳ್ಸಿ. ಮರೀಬೇಡಿ."

ಮುಂದಿನ ಜನವರಿ. ಮೂಟೆ ಮಲಗಿತ್ತು, ಹ್ಯಾಟು ಹಾಕಿಕೊಂಡಿತ್ತು. ಡಾಕ್ಟ್ರು ಏನೋ ಹೇಳುತ್ತಿದ್ದವರು ಅರ್ಧ ಮಾತಿನಲ್ಲಿ ಬಿದ್ದರು. ಜನ ಹೋ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆಟಕ್ಕೆ ಬೀಳುವಾಗ ಅವರು ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಈ ಸಲ ಕನ್ನಡಕ ಮುಖದ ಮೇಲೆಯೇ ಇತ್ತು, ಒಂದು ಗಾಜು ಒಡೆದಿತ್ತು. ಅದು ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಹಿಂದಿನ ಸಾಲಿನಿಂದ ಶೇಷಪ್ಪನವರು ಬಂದರು. ಅಭ್ಯಾಸಬಲ, ಬರುತ್ತ ಬರುತ್ತಲೇ ಕೊಡೆ ಬಿಚ್ಚಿದ್ದರು. ಬಗ್ಗಿ ಡಾಕ್ಟ್ರ ಮುಖಕ್ಕೆ ನೆರಳು ಹಿಡಿದರು. ಜನ ಇನ್ನೂ ಜೋರಾಗಿ ನಕ್ಕರು. ಶೇಷಪ್ಪನವರು ನಗಲಿಲ್ಲ. ಕೊಡೆಯ ಕೆಳಗೆ ಆ ಮುಖವನ್ನೇ ನೋಡಿದರು.

"ಸಿಸ್ಟರ್, ಇದು ಆಟ ಅಲ್ಲ. ಇದು ಗೌಡ್ರ ಬಣ್ಣ."

ಆ ಬಣ್ಣ ನಮ್ಮಲ್ಲಿ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ಕೊಡೆಯ ಕೆಳಗೆ ಅದನ್ನೇ ನೋಡುತ್ತ ನಿಂತವರು ಅವರು. ನಾನು ಕುತ್ತಿಗೆಗೆ ಬೆರಳಿಟ್ಟೆ. ನಾಡಿಯಿಲ್ಲ. ಮೂಗಿನ ಹತ್ತಿರ ಕೆನ್ನೆ ಹಿಡಿದೆ. ಉಸಿರಿಲ್ಲ. ತಲೆ ಎತ್ತುವಷ್ಟರಲ್ಲಿ ಶೇಷಪ್ಪನವರು ಕೊಡೆಯನ್ನು ಬಿಸಾಡಿ, ಮೊಣಕಾಲೂರಿ, ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟು ಒತ್ತಲು ಶುರುಮಾಡಿದ್ದರು. ಒಂದು ದಿನವೂ ಮೂಟೆ ಮುಟ್ಟದ ಮನುಷ್ಯ! ಕೈಮುಗಿಯಲಿಲ್ಲ, ಅಪ್ಪಣೆ ಕೇಳಲಿಲ್ಲ. ಕೊಡೆ ಗಾಳಿಗೆ ಪಾರ್ಚ್‌ಮೆಂಟಿನ ಮೇಲೆ ಉರುಳುತ್ತ ಹೋಯಿತು.

ನಾನು ಉಸಿರು ಕೊಟ್ಟೆ. ಶೇಷಪ್ಪನವರು ಸುಸ್ತಾದಾಗ ಒಬ್ಬ ಹೆಂಗಸು, ಅವಳ ನಂತರ ಆ ಅಪ್ಪಣೆ ಕೇಳಿದ ಮೇಸ್ತ್ರಿ. ಹಸನ್ ಸಾಬ್ರು ಜೀಪಿನಿಂದ ನನ್ನ ಪೆಟ್ಟಿಗೆ ತಂದರು. ಅಡ್ರಿನಲಿನ್ ತೆಗೆಯುವಾಗ ಮೊದಲ ಗಾಜಿನ ಆಂಪೂಲು ಕೈಜಾರಿ ಬಿದ್ದು ಒಡೆಯಿತು. ಎರಡನೆಯದನ್ನು ಚುಚ್ಚಿದೆ. ಒತ್ತಿದರು, ಒತ್ತಿದರು. ನಾನು ಉಸಿರಿನ ನಡುವೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆನಂತೆ, ಅದು ನನಗೆ ನೆನಪಿಲ್ಲ. ನೆನಪಿರುವುದು ಬೆರಳ ತುದಿಯಲ್ಲಿ ಏನೋ ಮಿಡಿದದ್ದು. ನನ್ನದೇ ನಾಡಿ ಇರಬೇಕು ಎಂದುಕೊಂಡು ಮತ್ತೆ ನೋಡಿದೆ. ಅವರದೇ!

ಆಸ್ಪತ್ರೆಗೆ ತಂದ ಕೂಡಲೇ, ಅಳುತ್ತಲೇ, ಅವರ ಅಪ್ಪಣೆಯಂತೆ ರಕ್ತ ತೆಗೆದು ಪುಟ್ಟ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಸಂಜೆ ಅವರು ಕಣ್ಣು ಬಿಟ್ಟರು. ಪಕ್ಕೆಲುಬು ಎರಡು ಮುರಿದಿದ್ದವು, ಮಾತು ಗಾಳಿಯಂತಿತ್ತು.

"ರಕ್ತ?"

"ತೆಗ್ದಿದೀನಿ."

ಶೇಷಪ್ಪನವರು ಬಾಗಿಲಲ್ಲಿ ನಿಂತಿದ್ದರು. ಒಂದು ಲೋಟ ಕರಿಕಾಫಿ ತಂದಿದ್ದರು. ಡಾಕ್ಟ್ರಿಗೆ ಎರಡು ಚಮಚ ಕುಡಿಸಿದೆ. ಅವರು ಮುಖ ಕಿವುಚಿದರು.

"ತಣ್ಣಗಿದೆ" ಎಂದರು.

ಶೇಷಪ್ಪನವರು ಅಲ್ಲೇ ಹೊಸ್ತಿಲ ಮೇಲೆ ಕೂತು ಗೊಳೋ ಎಂದು ಅತ್ತರು. ಅವರು ಯಾರೆದುರಾದರೂ ಕೂತದ್ದನ್ನು ನಾನು ನೋಡಿದ್ದು ಆವತ್ತೇ.

ಮರುದಿನ ಬೆಳಿಗ್ಗೆ ಕೆಂಪು ಫ್ಲಾಸ್ಕಿಗೆ ಐಸು ತುಂಬಿ, ಬಾಟಲಿ ಇಟ್ಟು ವಾಮನನ ಕೈಗೆ ಕೊಟ್ಟೆ. ಬಹಳ ಜೋಪಾನ ಎಂದೆ. ವಾಮನನಿಗೆ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟ ಒಬ್ಬ ಭಾವ ಇದ್ದ. ನಮ್ಮ ಕಡೆಯ ಕಾಫಿ ಎಂದರೆ ಆ ಭಾವನಿಗೆ ಪ್ರಾಣ, ವಾರಕ್ಕೊಮ್ಮೆ ಅವನಿಗೂ ಒಂದು ಫ್ಲಾಸ್ಕು ಹೋಗುತ್ತಿತ್ತು. ಆ ಫ್ಲಾಸ್ಕೂ ಕೆಂಪು. ಎರಡೂ ಮೂಡಿಗೆರೆಯ ಒಂದೇ ಅಂಗಡಿಯಲ್ಲಿ ಕೊಂಡಂಥವು.

ಹತ್ತು ದಿನಕ್ಕೆ ಲ್ಯಾಬಿನಿಂದ ಕಾಗದ ಬಂತು. ಡಾಕ್ಟ್ರು ದಿಂಬಿಗೆ ಒರಗಿ, ಒಡೆದ ಕನ್ನಡಕದ ಒಂದೇ ಗಾಜಿನಲ್ಲಿ ಓದಿದರು. ಓದಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು: "ತಾವು ಕಳುಹಿಸಿದ ಮಾದರಿಯಲ್ಲಿ ಹಾಲು ಮತ್ತು ಸಕ್ಕರೆ ಇರುವುದು ಕಂಡುಬಂದಿದೆ. ಕಾಫಿಯಲ್ಲಿ ಕಾರ್ಟಿಸೋಲ್ ಅಳೆಯುವ ಸೌಲಭ್ಯ ನಮ್ಮಲ್ಲಿ ಇಲ್ಲ. ಕಾಫಿ ಚೆನ್ನಾಗಿತ್ತು."

ಆ ಭಾವ ಲೋಟಕ್ಕೆ ಬಗ್ಗಿಸಿದಾಗ ಐಸಿನ ನೀರಿನ ಜೊತೆ ರಕ್ತದ ಬಾಟಲಿ ಬಿದ್ದಿತ್ತಂತೆ. ಆಮೇಲೆ ಅವನು ಜನ್ಮದಲ್ಲಿ ಕಾಫಿ ಮುಟ್ಟಲಿಲ್ಲ, ಟೀಗೆ ಹೋದ.

ನಕ್ಕರೆ ಪಕ್ಕೆಲುಬು ನೋಯುತ್ತದೆ ಎಂದು ಡಾಕ್ಟ್ರು ಎದೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು, "ಹಂಗಾದ್ರೆ ನಾನು ಎಷ್ಟು ಹೆದರಿದ್ದೆ ಅಂತ ಗೊತ್ತಾಗೋದೇ ಇಲ್ವಾ ಸಿಸ್ಟರ್?"

"ನಿಮ್ದು ಗೊತ್ತಿಲ್ಲ ಸಾರ್. ಆವತ್ತು ನನ್ನ ರಕ್ತ ತೆಗೆದು ಕಳ್ಸಿದ್ರೆ ಬಾಟಲಿ ಒಡೆದುಹೋಗ್ತಿತ್ತು" ಎಂದೆ. ಅವರು ನನ್ನ ಮುಖವನ್ನು ನೋಡಿದರು. ಆವತ್ತು ನಾಡಿ ಎಣಿಸಲಿಲ್ಲ.

ಹೃದಯಕ್ಕೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ ಎಂದು ಬೆಂಗಳೂರಿನಲ್ಲಿ ಪತ್ತೆಯಾಗಿ ಪೇಸ್‌ಮೇಕರ್ ಹಾಕಿದರು. ಮಂಗಳೂರು ಹತ್ತಿರವಿದ್ದರೂ ಘಾಟಿ ಇಳಿಯಬೇಕಲ್ಲ ಎಂದು ಬೆಂಗಳೂರಿಗೆ ಹೋದವರು ಅವರು. "ಎಂಜಿನ್ ಚೆನ್ನಾಗಿದೆ, ಇಗ್ನಿಷನ್ ಪ್ರಾಬ್ಲಂ" ಎಂದು ಹಸನ್ ಸಾಬ್ರು ಊರಿಗೆಲ್ಲ ಹೇಳಿಕೊಂಡು ಬಂದರು. ವಾಪಸ್ಸು ಬಂದ ಡಾಕ್ಟ್ರು ಇನ್ನೂ ಆರು ವರ್ಷ ಕೆಲಸ ಮಾಡಿದರು. ಕ್ಲಾಸು ನಡೆಯಿತು, ಬೀಳುವ ಆಟ ಮಾತ್ರ ನಿಂತಿತು. ಮೂಟೆಯ ಪಕ್ಕ ನಿಂತು ಕಲಿಸುತ್ತಿದ್ದವರು ಶೇಷಪ್ಪನವರು.

ಫೋನು ಬಂದ ದಿನ ನಾವು ಮೂವರೂ ಹಸನ್ ಸಾಬ್ರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೋದೆವು. ಶೇಷಪ್ಪನವರಿಗೆ ಆಗಲೇ ಎಪ್ಪತ್ತು ದಾಟಿತ್ತು. ದಾರಿಯುದ್ದಕ್ಕೂ ಅವರು ಒಂದರ ಮೇಲೊಂದು ಕೈ ಇಟ್ಟುಕೊಂಡು ಕೂತಿದ್ದರು, ಹೋದ ಕೂಡಲೇ ಒತ್ತಲು ಸಿದ್ಧವಾದವರ ಹಾಗೆ. ತೀರಿಕೊಂಡು ಐದು ಗಂಟೆಯಾಗಿದೆ ಎಂದು ನಾನು ಹೇಳಲಿಲ್ಲ, ಅವರಿಗೆ ಗೊತ್ತಿತ್ತು.

ಡಾಕ್ಟ್ರನ್ನು ಮನೆಯ ಮುಂದಿನ ಅಂಗಳದಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದು ಜೇಬಿಗೆ ಹಾಕಿದ್ದರು. ಅದನ್ನು ನೋಡಿ ನನಗೆ ಒಂದು ಕ್ಷಣ ಹುಚ್ಚು ಆಸೆಯಾಯಿತು. ಮಗಳು ಶೇಷಪ್ಪನವರ ಹತ್ತಿರ ಬಂದಳು.

"ಅಪ್ಪ ನಿಮಗೆ ಅಂತ ಮೊದಲೇ ಒಂದು ಮಾತು ಹೇಳಿಟ್ಟಿದ್ರು. ಶೇಷಪ್ಪ ಬರ್ತಾರೆ, ಬಂದ್ರೆ ಒತ್ತೋದು ಬೇಡ ಅನ್ನು. ಈ ಸಲ ಕೊಡೆ ಹಿಡಿದ್ರೆ ಸಾಕು ಅನ್ನು, ಅಂದ್ರು."

ಜನವರಿಯ ಬಿಸಿಲು ಅಂಗಳಕ್ಕೆ ಇಳಿದಿತ್ತು. ಶೇಷಪ್ಪನವರು ಮೊಣಕೈಯಿಂದ ಕೊಡೆ ತೆಗೆದು ಬಿಚ್ಚಿದರು. ಡಾಕ್ಟ್ರನ್ನು ಎತ್ತಿಕೊಂಡು ಹೋಗುವವರೆಗೂ ಒಂದೇ ಭಂಗಿಯಲ್ಲಿ ಹಿಡಿದು ನಿಂತಿದ್ದರು. ತೋಳು ನಡುಗಲು ಶುರುವಾದಾಗ ನಾನು ಹೋಗಿ ಪಕ್ಕದಲ್ಲಿ ನಿಂತು ಹಿಡಿಗೆ ಕೈ ಹಚ್ಚಿದೆ.